ಮೊಮ್ಮಕ್ಕಳೇ ಮೇಷ್ಟ್ರಾದಾಗ: ಮೊಬೈಲ್ ಯುಗದಲ್ಲಿ ಕಲಿಕೆಯ ತಿರುವುಮುರುವು

ನವೆಂಬರ್ ತಿಂಗಳು ಬಂತೆಂದರೆ ಪಿಂಚಣಿದಾರರಿಗೆ ತಪ್ಪದ ಕರ್ತವ್ಯವೊಂದಿದೆ. ತಾವು ಬದುಕಿದ್ದೇವೆ ಎಂಬುದನ್ನು ಅವರು ರುಜುವಾತುಪಡಿಸಬೇಕು. ಹಿಂದೆಲ್ಲ ಇದಕ್ಕಾಗಿ ಬ್ಯಾಂಕಿನ ಮುಂದೆ ಸಾಲುಗಟ್ಟಬೇಕಿತ್ತು. 2014ರ ನವೆಂಬರಿನಲ್ಲಿ ಕೇಂದ್ರ ಸರಕಾರ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆಯನ್ನು ಜಾರಿಗೆ ತಂದಿತು. 2021ರ ನವೆಂಬರಿನಲ್ಲಿ ಮುಖ ಗುರುತಿಸುವ ವಿಧಾನವೂ ಅದಕ್ಕೆ ಸೇರಿತು. ಈಗ ಮನೆಯ ಪಡಸಾಲೆಯಲ್ಲೇ ಸ್ಮಾರ್ಟ್‌ಫೋನ್ ಮುಂದೆ ಕುಳಿತು ಕಣ್ಣು ಮಿಟುಕಿಸಿದರೆ ಕೆಲಸ ಮುಗಿಯುತ್ತದೆ.

ಆದರೆ ಆ ಫೋನನ್ನು ಹಿಡಿದಿರುವ ಕೈ ಯಾರದು? ಬಹುಪಾಲು ಮನೆಗಳಲ್ಲಿ ಅದು ಮಗನದೋ, ಸೊಸೆಯದೋ, ಮೊಮ್ಮಗಳದೋ ಆಗಿರುತ್ತದೆ. ಹಿರಿಯರು ಮಾಡಬೇಕಾದದ್ದು ಮುಖ ತೋರಿಸುವುದಷ್ಟೆ. ಡಿಜಿಟಲ್ ತಂತ್ರಜ್ಞಾನವು ತಲೆಮಾರುಗಳ ನಡುವಿನ ಸಂಬಂಧವನ್ನು ಹೇಗೆ ಬದಲಿಸಿದೆ ಎಂಬುದನ್ನು ಅರಿಯಲು ಈ ಒಂದು ದೃಶ್ಯ ಸಾಕು.

ದಕ್ಷಿಣ ಬೆಂಗಳೂರಿನ ಕತ್ರಿಗುಪ್ಪೆಯಂಥ ಪ್ರದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಕತ್ರಿಗುಪ್ಪೆ ಇಂದು ಬನಶಂಕರಿ ಬಡಾವಣೆಗಳೊಡನೆ ಬೆರೆತುಹೋಗಿದೆ, ಹೊರವರ್ತುಲ ರಸ್ತೆ ಅದನ್ನು ಹಾದುಹೋಗುತ್ತದೆ. ನಿವೃತ್ತ ನೌಕರರು ಉಳಿತಾಯದ ಹಣದಲ್ಲಿ ಕಟ್ಟಿಸಿದ ಮನೆಗಳು ಇಲ್ಲಿ ಹಲವು. ಕೆಲವರ ಮಕ್ಕಳು ಮೇಲಂತಸ್ತಿನಲ್ಲಿದ್ದಾರೆ, ಕೆಲವರ ಮಕ್ಕಳು ಕಡಲಾಚೆ ಇದ್ದಾರೆ. 2016ರಲ್ಲಿ ಯುಪಿಐ ಬಂದ ಮೇಲೆ ಸೊಪ್ಪಿನ ಗಾಡಿಯ ಮೇಲೂ ಕ್ಯೂಆರ್ ಸಂಕೇತ ಅಂಟಿಕೊಂಡಿದೆ. ಗ್ಯಾಸ್ ಸಿಲಿಂಡರ್ ಕಾಯ್ದಿರಿಸಲು, ವಿದ್ಯುತ್ ಬಿಲ್ಲು ಕಟ್ಟಲು, ಆಟೊ ಕರೆಯಲು ಎಲ್ಲಕ್ಕೂ ಮೊಬೈಲೇ ಹಾದಿ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ 60 ದಾಟಿದವರ ಪಾಲು ಸುಮಾರು ಶೇ. 9.5 ಇತ್ತು. ಬದುಕಿನ ಇಳಿಹೊತ್ತಿನಲ್ಲಿ ಇವರು ಹೊಸತಾಗಿ ಅಕ್ಷರಾಭ್ಯಾಸಕ್ಕೆ ಕುಳಿತಂತಾಗಿದೆ.

ಮೀಡ್ ಕಂಡ ಮೂರು ಬಗೆ

ಅಮೆರಿಕದ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ 1970ರಲ್ಲಿ ಪ್ರಕಟವಾದ ‘ಕಲ್ಚರ್ ಅಂಡ್ ಕಮಿಟ್‌ಮೆಂಟ್’ ಕೃತಿಯಲ್ಲಿ ಸಮಾಜಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ಮೊದಲನೆಯದರಲ್ಲಿ ಕಿರಿಯರು ಹಿರಿಯರಿಂದ ಕಲಿಯುತ್ತಾರೆ. ಎರಡನೆಯದರಲ್ಲಿ ಓರಗೆಯವರು ಪರಸ್ಪರ ಕಲಿಯುತ್ತಾರೆ. ಮೂರನೆಯದರಲ್ಲಿ ಹಿರಿಯರು ಕಿರಿಯರಿಂದ ಕಲಿಯಬೇಕಾಗುತ್ತದೆ. ಬದಲಾವಣೆಯ ವೇಗ ಹೆಚ್ಚಿದಷ್ಟೂ ಸಮಾಜ ಮೂರನೆಯ ಬಗೆಯತ್ತ ವಾಲುತ್ತದೆ ಎಂಬುದು ಅವರ ಗ್ರಹಿಕೆಯ ಸಾರ. ಭಾರತದಲ್ಲಿ ಮೊಬೈಲ್ ಸೇವೆ ಆರಂಭವಾಗುವುದಕ್ಕೆ (1995) 25 ವರ್ಷ ಮೊದಲೇ ಬಂದ ಮಾತಿದು.

ನಮ್ಮ ಮನೆಗಳಲ್ಲಿ ಇಂದು ಈ ಮೂರನೆಯ ಬಗೆ ಅರ್ಧಕ್ಕೇ ನಿಂತಿದೆ. ಕಿರಿಯರು ಬಲ್ಲವರಾದರು ನಿಜ, ಆದರೆ ಗುರುಗಳಾಗಲಿಲ್ಲ. ಅವರು ಕಲಿಸುವುದಿಲ್ಲ, ಮಾಡಿಕೊಡುತ್ತಾರೆ. “ಕೊಡಿ ಅಜ್ಜಿ, ನಾನೇ ಮಾಡ್ತೀನಿ” ಎಂದು ಫೋನ್ ಕಿತ್ತುಕೊಂಡರೆ ಎರಡು ನಿಮಿಷದ ಕೆಲಸ. ಕಲಿಸಲು ಕುಳಿತರೆ ಅರ್ಧ ತಾಸು. ಬಿಡುವಿಲ್ಲದ ನಗರಜೀವನದಲ್ಲಿ ಮೊದಲನೆಯದೇ ಗೆಲ್ಲುತ್ತದೆ.

ಹಿರಿಯರು ಏಕೆ ಮರೆಯುತ್ತಾರೆ?

“ಎಷ್ಟು ಸಲ ಹೇಳಿದರೂ ತಲೆಗೆ ಹತ್ತುವುದಿಲ್ಲ” ಎಂಬುದು ಕಿರಿಯರ ಸಾಮಾನ್ಯ ದೂರು. ಇದಕ್ಕೆ ವಯಸ್ಸೊಂದೇ ಕಾರಣವಲ್ಲ. ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಮಾಡುವ ಕೆಲಸ ಯಾರ ಕೈಗೂ ರೂಢಿಯಾಗದು. ಆ್ಯಪ್ ನವೀಕರಣಗೊಂಡಾಗ ಗುಂಡಿಗಳ ಜಾಗ ಬದಲಾಗುತ್ತದೆ, ಕಂಠಪಾಠ ಮಾಡಿದ ಕ್ರಮ ಕೈಕೊಡುತ್ತದೆ. ಪರದೆಯ ಮೇಲಿನ ಸೂಚನೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ತಪ್ಪು ಒತ್ತಿದರೆ ದುಡ್ಡು ಹೋದೀತೆಂಬ ಅಂಜಿಕೆ. ಮಗು ಹತ್ತು ಗುಂಡಿಗಳನ್ನು ಒತ್ತಿ ನೋಡಿ ಕಲಿಯುತ್ತದೆ. ಅದಕ್ಕೆ ಕಳೆದುಕೊಳ್ಳಲು ಏನೂ ಇಲ್ಲ. ಜೀವಮಾನದ ಉಳಿತಾಯವಿರುವ ಫೋನಿನಲ್ಲಿ ಹಿರಿಯರು ಹಾಗೆ ಪ್ರಯೋಗ ಮಾಡಲಾರರು.

ಅವಲಂಬನೆಯ ಬೆಲೆ

ಮಾಡಿಕೊಡುವ ಅಭ್ಯಾಸದಲ್ಲಿ ಅಡಗಿರುವ ಅಪಾಯ ಇನ್ನೂ ದೊಡ್ಡದು. ಮನೆಯವರು ಕೇಳಿದಾಗಲೆಲ್ಲ ಓಟಿಪಿ ಹೇಳಿ, ಪಿನ್ ಒಪ್ಪಿಸಿ ರೂಢಿಯಾದವರಿಗೆ ಅಪರಿಚಿತನೊಬ್ಬ ‘ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ, ಓಟಿಪಿ ಹೇಳಿ’ ಎಂದಾಗಲೂ ಅಸಹಜವೆನಿಸದು. ಗುಪ್ತ ಸಂಖ್ಯೆಯೆಂದರೆ ಬೇರೆಯವರಿಗೆ ಓದಿ ಹೇಳುವಂಥದ್ದು ಎಂಬ ಪಾಠವನ್ನು ಮನೆಯೇ ಅವರಿಗೆ ಕಲಿಸಿರುತ್ತದೆ!

‘ಡಿಜಿಟಲ್ ಅರೆಸ್ಟ್’ ಹೆಸರಿನ ವಂಚನೆಯೂ ಇದೇ ದೌರ್ಬಲ್ಯವನ್ನು ನೆಚ್ಚಿಕೊಂಡಿದೆ. ಪೊಲೀಸ್ ವೇಷದವನು ವಿಡಿಯೊ ಕರೆಯಲ್ಲಿ ಬಂದು, ಪ್ರಕರಣ ದಾಖಲಾಗಿದೆ, ಮನೆಯವರಿಗೂ ತಿಳಿಸಬಾರದು ಎಂದು ಬೆದರಿಸಿ ಹಣ ವರ್ಗಾಯಿಸಿಕೊಳ್ಳುತ್ತಾನೆ. ಭಾರತದ ಕಾನೂನಿನಲ್ಲಿ ಇಂಥದೊಂದು ಬಂಧನವೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಈ ಕುರಿತು ಎಚ್ಚರಿಸಬೇಕಾಯಿತು. ಇಲ್ಲಿ ವಂಚಕನ ಮೊದಲ ಹೆಜ್ಜೆ ಹಿರಿಯರನ್ನು ಕುಟುಂಬದಿಂದ ಬೇರ್ಪಡಿಸುವುದು. ‘ಮಕ್ಕಳಿಗೆ ಹೇಳಿದರೆ ಬೈಯುತ್ತಾರೆ’ ಎಂದು ಅಳುಕುವ ಮನೆಯಲ್ಲಿ ಅವನ ಕೆಲಸ ಸಲೀಸು. ಇಂಥ ವಂಚನೆಗೆ ಸಿಲುಕಿದವರು ತಡಮಾಡದೆ 1930 ಸಹಾಯವಾಣಿಗೆ ಕರೆಮಾಡಬೇಕು.

ಮಕ್ಕಳಿಗೂ ಬೇಕು ಮನುಷ್ಯರು

ಯಂತ್ರವನ್ನು ಕೈಗಿತ್ತ ಮಾತ್ರಕ್ಕೆ ಕಲಿಕೆಯಾಗದು ಎಂಬ ಸತ್ಯ ಕಿರಿಯರ ವಿಷಯದಲ್ಲೂ ರುಜುವಾತಾಗಿದೆ. ಕೋವಿಡ್ ಕಾರಣ 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಪುಟ್ಟ ಮಕ್ಕಳ ಆನ್‌ಲೈನ್ ತರಗತಿಗಳಿಗೆ ರಾಜ್ಯ ಸರಕಾರ ಹೇರಿದ ನಿರ್ಬಂಧಕ್ಕೆ ಅದೇ ಜುಲೈನಲ್ಲಿ ಹೈಕೋರ್ಟ್ ತಡೆ ನೀಡಿತು. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗುವ ‘ವಿದ್ಯಾಗಮ’ ಆರಂಭವಾಗಿ, ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ನಿಂತಿತು. ಒಂದರಿಂದ ಐದನೇ ತರಗತಿಯವರಿಗೆ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ ಕೊನೆಯಲ್ಲಿ. ಗ್ರಾಮೀಣ ಕರ್ನಾಟಕದಲ್ಲಿ ನಡೆದ ‘ಅಸರ್’ ಸಮೀಕ್ಷೆಯಲ್ಲಿ, ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿ ಮಕ್ಕಳ ಪ್ರಮಾಣ 2018ರಲ್ಲಿ ಸುಮಾರು ಶೇ. 19 ಇದ್ದದ್ದು 2021ರ ವೇಳೆಗೆ ಶೇ. 10ಕ್ಕಿಂತ ಕೆಳಗಿಳಿದಿತ್ತು. ಪಕ್ಕದಲ್ಲಿ ಕುಳಿತು ಓದಿಸುವವರಿಗೆ ಪರದೆ ಪರ್ಯಾಯವಾಗಲಿಲ್ಲ.

ಹಿರಿಯರ ಬತ್ತಳಿಕೆಯಲ್ಲಿರುವುದು

ಈ ವಿನಿಮಯದಲ್ಲಿ ಹಿರಿಯರು ಬರಿಗೈಯವರಲ್ಲ. ಮಹಾನಗರದ ಅನೇಕ ಮಕ್ಕಳು ಕನ್ನಡ ಮಾತಾಡಬಲ್ಲರು, ಮೊಬೈಲಿನಲ್ಲಿ ಬರೆಯುವಾಗ ಮಾತ್ರ ಇಂಗ್ಲಿಷ್ ಅಕ್ಷರಗಳ ಮೊರೆಹೋಗುತ್ತಾರೆ. ಕನ್ನಡ ಲಿಪಿಗೆ ಯುನಿಕೋಡಿನಲ್ಲಿ 1991ರಿಂದಲೂ ಸ್ಥಾನವಿದೆ. 1998ರಲ್ಲಿ ‘ಬರಹ’, ಅನಂತರ ‘ನುಡಿ’ ತಂತ್ರಾಂಶಗಳು ಬಂದವು. ಹಾಗಾಗಿ ತೊಡಕಿರುವುದು ಯಂತ್ರದಲ್ಲಲ್ಲ, ಕಾಗುಣಿತದಲ್ಲಿ.

ಕೆ.ಪಿ. ರಾವ್ ಅವರು ರೂಪಿಸಿದ, ‘ನುಡಿ’ಯಲ್ಲಿ ಬಳಕೆಯಾಗುವ ಕೀಲಿಮಣೆ ವಿನ್ಯಾಸವನ್ನೇ ನೋಡಿ. ‘ಅಕ್ಕ’ ಎಂದು ಬರೆಯಲು ಅ, ಕ, ಬಳಿಕ ಅಕ್ಷರಗಳನ್ನು ಬೆಸೆಯುವ ಎಫ್ ಕೀಲಿ, ಮತ್ತೆ ಕ ಒತ್ತಬೇಕು. ಒತ್ತಕ್ಷರವೆಂದರೆ ಎರಡು ವ್ಯಂಜನಗಳ ಕೂಡಿಕೆ ಎಂದು ಸ್ಲೇಟಿನ ಮೇಲೆ ತಿದ್ದಿದ ಅಜ್ಜಿಗೆ ಈ ತರ್ಕ ಹೊಸತಲ್ಲ. ಮೊಮ್ಮಗಳು ಕೀಲಿ ತೋರಿಸಲಿ, ಅಜ್ಜಿ ಕಾಗುಣಿತ ತಿದ್ದಲಿ. ‘ಊಟ ಆಯ್ತಾ’ ಎಂಬಲ್ಲಿಗೆ ಮುಗಿದುಹೋಗುವ ಕಡಲಾಚೆಯ ವಿಡಿಯೊ ಕರೆಗಳಿಗೂ ಇಂಥದೊಂದು ಕೂಡುಕೆಲಸ ಸಿಕ್ಕರೆ ಮಾತು ತಾನಾಗಿ ಬೆಳೆಯುತ್ತದೆ.

ಕಲಿಸುವವರಿಗೆ ಕೆಲವು ಕಿವಿಮಾತು

* ಫೋನ್ ಹಿರಿಯರ ಕೈಯಲ್ಲೇ ಇರಲಿ. ಕಿರಿಯರು ಬಾಯಲ್ಲಿ ಹೇಳಲಿ.
* ಒಂದು ಸಲಕ್ಕೆ ಒಂದೇ ಕೆಲಸ. ಅದೇ ವಾರದಲ್ಲಿ ಮೂರ್ನಾಲ್ಕು ಸಲ ಅದನ್ನೇ ಮಾಡಿಸಬೇಕು.
* ಹೆಜ್ಜೆಗಳನ್ನು ಹಿರಿಯರೇ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಲಿ.
* ಯುಪಿಐಗೆ ಅಲ್ಪ ಮೊತ್ತದ ಪ್ರತ್ಯೇಕ ಖಾತೆ ಜೋಡಿಸಿದರೆ ತಪ್ಪಿನ ಭಯ ಕುಗ್ಗುತ್ತದೆ.
* ಹಣ ಬರುವುದಕ್ಕೆ ಪಿನ್ ಬೇಡ ಎಂಬುದನ್ನು ಮನದಟ್ಟು ಮಾಡಿಸಬೇಕು.
* ಪಿನ್, ಓಟಿಪಿಗಳನ್ನು ಮನೆಯವರೂ ಕೇಳಬಾರದು.

ತಂತ್ರಜ್ಞಾನ ಮನುಷ್ಯರನ್ನು ದೂರ ಮಾಡಿತೋ ಹತ್ತಿರ ತಂದಿತೋ ಎಂಬ ಚರ್ಚೆ ಹಳೆಯದು. ಒಂದೇ ಫೋನು ಒಂದು ಮನೆಯಲ್ಲಿ ಹಿರಿಯರನ್ನು ಮೂಲೆಗೆ ಸರಿಸುತ್ತದೆ, ಇನ್ನೊಂದು ಮನೆಯಲ್ಲಿ ಅಜ್ಜ–ಮೊಮ್ಮಗನನ್ನು ಒಂದೇ ಸೋಫಾದಲ್ಲಿ ಕೂರಿಸುತ್ತದೆ. ವ್ಯತ್ಯಾಸವಿರುವುದು ಕಲಿಸಲು ತೆಗೆದಿಟ್ಟ ಆ ಅರ್ಧ ತಾಸಿನಲ್ಲಿ. ಅಕ್ಷರ ತಿದ್ದಿಸುವಾಗ ಹಿರಿಯರು ತೋರಿದ ತಾಳ್ಮೆಯ ಋಣವನ್ನು ಕಿರಿಯರು ತೀರಿಸಲು ಇದಕ್ಕಿಂತ ಸುಲಭದ ದಾರಿ ಬೇರೆಯಿಲ್ಲ.