ಕೂಪೆ ಕೊಳ್ಳುವ ಮುನ್ನ ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ನೋಡಿ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಅಂದರೆ ಬಾಗಲಕೋಟೆಯ ನವನಗರ. ಹಳೇ ಊರಿನ ಒಂದಷ್ಟು ಭಾಗ ಆಲಮಟ್ಟಿ ಹಿನ್ನೀರಿನ ಪಾಲಾದಾಗ ಕಟ್ಟಿದ ಊರಿದು. ಹಳೇ ಬಾಗಲಕೋಟೆಯ ನಮ್ಮ ಓಣಿಯಲ್ಲಿ ಎದುರಾಬದುರಾ ಎರಡು ಸೈಕಲ್ ಬಂದರೆ ಒಬ್ಬರು ಇಳಿದು ನಿಲ್ಲಬೇಕಿತ್ತು ಅಂತ ಅಪ್ಪ ಹೇಳ್ತಾರೆ. ಇಲ್ಲಿ ಸೆಕ್ಟರ್ ರಸ್ತೆಗಳು ಅಗಲ. ಮನೆ ಮುಂದೆ ಕಾರು ನಿಲ್ಲಿಸೋಕೆ ಜಾಗವೂ ಉಂಟು. ಅಲ್ಲಿ ನಿಂತಿರೋದು ಅಪ್ಪನ ಹದಿನಾಲ್ಕು ವರ್ಷದ ಸಣ್ಣ ಕಾರು. ಬರುವ ವರ್ಷ ಹದಿನೈದು ತುಂಬಿ ಆರ್‌ಸಿ ನವೀಕರಣಕ್ಕೆ ಬರುತ್ತೆ.

ಹೊಸ ಕಾರು ಬೇಕಿತ್ತು. ಅವ್ವನ ಒಂದು ಮೊಣಕಾಲಿನ ಆಪರೇಷನ್ ಹುಬ್ಬಳ್ಳಿಯಲ್ಲಿ ಆಗಿದೆ, ಇನ್ನೊಂದು ಬಾಕಿ ಇದೆ. ಎರಡು ತಿಂಗಳಿಗೊಮ್ಮೆ ಕೆರೂರು, ನರಗುಂದ, ನವಲಗುಂದ ದಾಟಿ ಹೋಗಿಬರಬೇಕು. ನಾನು ಬೆಂಗಳೂರಿನಲ್ಲಿ ಕೋಡ್ ಬರೆಯುವವನು. ಉಳಿತಾಯ, ಸಾಲ ಎರಡೂ ಸೇರಿಸಿ ಹನ್ನೆರಡು ಲಕ್ಷದವರೆಗೆ ಹೊಂದಿಸಬಹುದಿತ್ತು. ಮನಸ್ಸಿನಲ್ಲಿ ಮಾತ್ರ ಬೇರೆಯೇ ಲೆಕ್ಕ ನಡೆದಿತ್ತು. ನನಗೆ ಕೂಪೆ ಬೇಕಿತ್ತು.

ಅವತ್ತು ಗೆಳೆಯನೊಬ್ಬ ತನ್ನ ಹೊಸ ಕಾರು ತಂದಿದ್ದ. ಹಿಂದಕ್ಕೆ ಇಳಿಜಾರಾದ ಚಾವಣಿ, ದೊಡ್ಡ ಚಕ್ರ. ನನ್ನ ಕಣ್ಣು ಅಲ್ಲೇ ನಟ್ಟಿತ್ತು. "ಅವ್ವಾ, ಬಾ, ಒಂದು ಸುತ್ತು ಹೋಗೋಣು" ಅಂದೆ. ಅವ್ವ ಸೆರಗು ಸಾವರಿಸಿಕೊಂಡು ಹಿಂದಿನ ಬಾಗಿಲಿನಿಂದ ಹತ್ತೋಕೆ ಹೋದಳು. ಟಕ್ ಅಂತ ತಲೆ ಬಡೀತು.

"ಕಾರ್ ಚಂದ ಐತೋ ತಮ್ಮಾ. ಆದ್ರ ಹಿಂದ ಕುಂದ್ರವ್ರನ್ನ ಕೇಳಿ ಮಾಡಿಲ್ಲ ಬಿಡು" ಅಂದಳು.

ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತು. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಸೇರಿದ ಸಾವಿರಾರು ಹುಡುಗರಲ್ಲಿ ನಾನೂ ಒಬ್ಬ. ಓದಿದ್ದು ಇಲ್ಲಾದರೂ ಉಪಯೋಗಕ್ಕೆ ಬರಲಿ ಅಂತ ಎರಡು ತಿಂಗಳು ಕೂತು ನೋಡಿದೆ. ಕಂಡುಕೊಂಡಿದ್ದನ್ನು ನಿಮಗೂ ಹೇಳ್ತೀನಿ.

ಕೂಪೆ ಅಂದರೆ ಕತ್ತರಿಸಿದ್ದು

ಫ್ರೆಂಚ್ ಭಾಷೆಯಲ್ಲಿ ಕೂಪೆ ಅಂದರೆ ಕತ್ತರಿಸಿದ್ದು ಅಂತ ಅರ್ಥ. ಮೊದಲು ಕುದುರೆ ಸಾರೋಟಿಗೆ ಆ ಹೆಸರಿತ್ತು. ನಾಲ್ಕು ಜನರ ಸಾರೋಟಿನಲ್ಲಿ ಒಂದು ಸಾಲು ತೆಗೆದು ಇಬ್ಬರಿಗೆ ಉಳಿಸಿದರೆ ಅದು ಕೂಪೆ. ಕಾರು ಬಂದ ಮೇಲೆ ಎರಡು ಬಾಗಿಲು, ಹಿಂದಕ್ಕೆ ಜಾರಿದ ಚಾವಣಿ ಇರುವ ಗಾಡಿಗೆ ಅದೇ ಹೆಸರು ಅಂಟಿಕೊಂಡಿತು. ಕಾರಿನಲ್ಲಿ ಕತ್ತರಿ ಬೀಳೋದು ಹಿಂದೆ ಕೂರುವವರ ಜಾಗಕ್ಕೇ. ಅವ್ವ ಹೇಳಿದ್ದು ಶಬ್ದಕೋಶದ ಅರ್ಥವನ್ನೇ!

ನನಗೆ ಈ ಹುಚ್ಚು ಹಿಡಿಸಿದ್ದು 'ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್' ಎಂಬ 2005ರ ಕಂಪ್ಯೂಟರ್ ಗೇಮ್. ಅದರಲ್ಲಿ ಶುರುವಿನಲ್ಲೇ ಕೊಳ್ಳಬಹುದಾದ ಕಾರುಗಳಲ್ಲಿ ಷೆವರ್ಲೆ ಕೋಬಾಲ್ಟ್ ಎಸ್‌ಎಸ್ ಒಂದು. ಎರಡು ಬಾಗಿಲು, ಮುಂದಿನ ಚಕ್ರಗಳಿಗೆ ಶಕ್ತಿ, ಅಮೆರಿಕದ ಮಧ್ಯಮ ವರ್ಗದ ಹುಡುಗರ ಕೈಗೆಟುಕುವ ಬೆಲೆ. ಜಗತ್ತಿನಲ್ಲಿ ಇಂಥವು ಬೇಕಾದಷ್ಟು ಬಂದವು: ಹೋಂಡಾ ಸಿಆರ್‌ಎಕ್ಸ್, ಒಪೆಲ್ ಕಾಲಿಬ್ರಾ, ಫೋರ್ಡ್ ಪ್ಯೂಮಾ, ಹ್ಯೂಂಡೈ ಕೂಪೆ. ಎಲ್ಲದರ ಗುಟ್ಟು ಒಂದೇ. ಮನೆಮಂದಿಯ ಸಾಮಾನ್ಯ ಕಾರಿನ ಇಂಜಿನ್, ಗೇರ್‌ಬಾಕ್ಸ್ ತೆಗೆದುಕೊಂಡು ಅದರ ಮೇಲೆ ಚೆಂದದ ದೇಹ ಕೂರಿಸುವುದು. ಖರ್ಚು ಕಡಿಮೆ, ನೋಟ ಜೋರು. ಕಾಲಿಬ್ರಾದ ತಳ ವೆಕ್ಟ್ರಾ ಎಂಬ ಸಂಸಾರಸ್ಥರ ಕಾರಿನದು.

ನಮ್ಮಲ್ಲಿ ಯಾಕೆ ಬರಲಿಲ್ಲ?

ಬರಲೇ ಇಲ್ಲ ಅಂತೇನಿಲ್ಲ. 1990ರ ದಶಕದ ಕೊನೆಗೆ ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಪುಟ್ಟ ಕಾರು ತಯಾರಾಯಿತು. ಫೈಬರ್ ದೇಹ, ರೆನೋ ಕಂಪನಿಯ 1.2 ಲೀಟರ್ ಇಂಜಿನ್, ಸುಮಾರು 60 ಅಶ್ವಶಕ್ತಿ, ಫ್ರಂಟ್ ವೀಲ್ ಡ್ರೈವ್. ನೋಡಿದವರು ಬಹಳ, ಕೊಂಡವರು ಕಡಿಮೆ. ಅದಕ್ಕೂ ಮೊದಲು 1980ರ ದಶಕದಲ್ಲಿ ನಮ್ಮ ಬೆಂಗಳೂರಿನ ಸಿಪಾನಿ ಕಂಪನಿ ಡಾಲ್ಫಿನ್ ಎಂಬ ಎರಡು ಬಾಗಿಲಿನ ಫೈಬರ್ ಕಾರು ಮಾಡಿತ್ತು. ಅದು ಹಿಂದಿನ ಚಕ್ರದ ಗಾಡಿ. ಆಮೇಲೆ ಅದೇ ಕಂಪನಿ ಹೆಚ್ಚು ಬಾಗಿಲುಗಳಿರುವ ಮೊಂಟಾನಾ ತಂದಿತು. ನಮ್ಮ ದೇಶದಲ್ಲಿ ಕಾರು ಕೊಳ್ಳೋದು ಒಬ್ಬ, ಹತ್ತೋದು ಇಡೀ ಮನೆ. ಎರಡು ಬಾಗಿಲಿನ ಕಾರಿನಲ್ಲಿ ಮುಂದಿನ ಸೀಟು ಮಡಚಿ ಅಜ್ಜಿಯನ್ನು ಹಿಂದಕ್ಕೆ ತೂರಿಸೋದು ಹೇಗೆ?

ಇನ್ನೊಂದು ಕತ್ತರಿ ತೆರಿಗೆಯದು. 2006ರಿಂದ ನಮ್ಮಲ್ಲಿ ನಾಲ್ಕು ಮೀಟರ್ ಒಳಗಿನ ಉದ್ದ ಮತ್ತು ಸಣ್ಣ ಇಂಜಿನ್ ಇದ್ದರೆ ತೆರಿಗೆ ಕಡಿಮೆ. 2025ರ ಸೆಪ್ಟೆಂಬರ್ 22ರ ನಂತರ ಇಂಥ ಸಣ್ಣ ಕಾರಿಗೆ ಜಿಎಸ್‌ಟಿ ಶೇ. 18, ದೊಡ್ಡದಕ್ಕೆ ಶೇ. 40. ಇಳಿಜಾರು ಚಾವಣಿ ಚೆಂದ ಕಾಣಬೇಕಾದರೆ ಬಾಲಕ್ಕೆ ಉದ್ದ ಬೇಕು. ನಾಲ್ಕು ಮೀಟರಿನಲ್ಲಿ ಅದು ಹಿಡಿಯೋದು ಕಷ್ಟ. ಸಣ್ಣ ಸೆಡಾನ್‌ಗಳ ಡಿಕ್ಕಿ ಮೊಂಡಾಗಿರೋದು ಇದೇ ಕಾರಣಕ್ಕೆ.

2024ರಲ್ಲಿ ಒಂದು ನಡುದಾರಿ ತೆರೆಯಿತು. ಆಗಸ್ಟ್‌ನಲ್ಲಿ ಸಿಟ್ರೋಯೆನ್ ಬಸಾಲ್ಟ್, ಸೆಪ್ಟೆಂಬರ್‌ನಲ್ಲಿ ಟಾಟಾ ಕರ್ವ್‌ನ ಪೆಟ್ರೋಲ್, ಡೀಸೆಲ್ ಕಾರು ಬಂದವು. ಬಿಡುಗಡೆಯ ದಿನ ಆರಂಭಿಕ ಎಕ್ಸ್-ಶೋರೂಮ್ ಬೆಲೆ ಮೊದಲನೆಯದಕ್ಕೆ 7.99 ಲಕ್ಷ, ಎರಡನೆಯದಕ್ಕೆ 9.99 ಲಕ್ಷ. ಎರಡೂ ನಾಲ್ಕು ಮೀಟರ್ ದಾಟಿದವು, ಎರಡೂ ಫ್ರಂಟ್ ವೀಲ್ ಡ್ರೈವ್. ನಾಲ್ಕು ಬಾಗಿಲು, ಎತ್ತರದ ನಿಲುವು, ಮೇಲೆ ಕೂಪೆಯ ಬೆನ್ನು. ಅಸಲಿ ಕೂಪೆ ಅಲ್ಲ ಅಂತ ಮೂಗು ಮುರಿಯುವವರಿದ್ದಾರೆ. ನಮ್ಮ ಜೇಬಿಗೆ, ನಮ್ಮ ಮನೆಗೆ ಸಿಗುವ ಕೂಪೆ ಇದೇ.

ಬೆಲೆ ನೋಡುವಾಗ ರಸ್ತೆ ತೆರಿಗೆ ಮರೀಬೇಡಿ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಪೆಟ್ರೋಲ್ ಕಾರಿಗೆ ಶೇ. 14, ಹತ್ತು ದಾಟಿದರೆ ಶೇ. 17, ಮೇಲೆ ಸೆಸ್. ಹತ್ತರ ಗೆರೆ ದಾಟುವ ವೇರಿಯಂಟ್ ಆರಿಸುವ ಮುನ್ನ ಎರಡು ಸಲ ಲೆಕ್ಕ ಹಾಕಿ.

ಎತ್ತು ಮುಂದೆ, ಚಕ್ಕಡಿ ಹಿಂದೆ

ಫ್ರಂಟ್ ವೀಲ್ ಡ್ರೈವ್ ಅಂದರೆ ಏನು ಅಂತ ಅಪ್ಪ ಕೇಳಿದರು. ಚಕ್ಕಡಿ ಥರ ಅಂದೆ. ಎತ್ತು ಮುಂದೆ ಎಳೆಯುತ್ತೆ, ಗಾಡಿ ಹಿಂಬಾಲಿಸುತ್ತೆ. ಇಂಜಿನ್, ಗೇರ್‌ಬಾಕ್ಸ್ ಎಲ್ಲಾ ಮುಂದೆಯೇ ಇರುವುದರಿಂದ ಹಿಂದಕ್ಕೆ ಶಕ್ತಿ ಒಯ್ಯುವ ಉದ್ದನೆಯ ಕಬ್ಬಿಣದ ಶಾಫ್ಟ್ ಬೇಡ. ತೂಕ ಉಳಿಯುತ್ತೆ, ಬೆಲೆ ಇಳಿಯುತ್ತೆ, ಹಿಂದಿನ ಸೀಟಿನ ನಡುವೆ ದೊಡ್ಡ ಉಬ್ಬು ಬರೋದಿಲ್ಲ. ಮಳೆಯಲ್ಲಿ ಎರಿ ಮಣ್ಣಿನ ರಸ್ತೆಗೆ ಇಳಿದರೆ, ಇಂಜಿನ್ನಿನ ಭಾರ ಎಳೆಯುವ ಚಕ್ರಗಳ ಮೇಲೇ ಇರುವುದರಿಂದ ಹಿಡಿತ ಚೆನ್ನಾಗಿರುತ್ತೆ.

ಮಿತಿಯೂ ಇದೆ. ಎಳೆಯೋದು, ತಿರುಗಿಸೋದು ಎರಡೂ ಅದೇ ಎರಡು ಚಕ್ರಗಳ ಕೆಲಸ. ತಿರುವಿನಲ್ಲಿ ವೇಗ ಹೆಚ್ಚಾದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರಕ್ಕೆ ಜಾರಲು ನೋಡುತ್ತೆ. ಆಗ ಇನ್ನಷ್ಟು ತಿರುಗಿಸದೆ ಆಕ್ಸಿಲರೇಟರ್ ಮೇಲಿನ ಕಾಲನ್ನು ನಿಧಾನಕ್ಕೆ ಸಡಿಲಿಸಿದರೆ ಹಿಡಿತ ಮರಳಿ ಬರುತ್ತೆ. ಐದು ಜನ, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಒದ್ದೆ ಏರಿನಲ್ಲಿ ನಿಂತು ಹೊರಡುವಾಗ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರ ಸುಮ್ಮನೆ ತಿರುಗಬಹುದು. ಅಲ್ಲಿ ಅವಸರ ಮಾಡಬಾರದು.

ಶಕ್ತಿಯ ವಿಷಯಕ್ಕೆ ಬಂದರೆ ನಾನು ಅಶ್ವಶಕ್ತಿಗಿಂತ ಟಾರ್ಕ್ ನೋಡಿದೆ. ಚಳಿಗಾಲದಲ್ಲಿ ನಮ್ಮ ಜಿಲ್ಲೆಯ ರಸ್ತೆಗೆ ಬಂದು ನೋಡಿ. ಎರಡೆರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳು, ಎಷ್ಟೋ ಸಲ ಹಿಂದೆ ಕೆಂಪು ದೀಪವೂ ಇರೋದಿಲ್ಲ. ಅವನ್ನು ದಾಟೋಕೆ ಕಾರು ಕೆಳಗಿನ ವೇಗದಲ್ಲೇ ಎಳೆಯಬೇಕು. ಬಸಾಲ್ಟ್‌ನ ಟರ್ಬೊ ಇಲ್ಲದ 1.2 ಲೀಟರ್ ಇಂಜಿನ್ 82 ಪಿಎಸ್, 115 ನ್ಯೂಟನ್ ಮೀಟರ್ ಕೊಡುತ್ತೆ. ಅದರದ್ದೇ ಟರ್ಬೊ ಮ್ಯಾನ್ಯುಯಲ್ 110 ಪಿಎಸ್, 190 ನ್ಯೂಟನ್ ಮೀಟರ್. ಕರ್ವ್‌ನ ಆರಂಭಿಕ ಟರ್ಬೊ ಪೆಟ್ರೋಲ್ 120 ಪಿಎಸ್, 170 ನ್ಯೂಟನ್ ಮೀಟರ್. ಟರ್ಬೊ ಇಂಜಿನ್ ಹೆಚ್ಚು ಕಿರುಚದೆ ಎಳೆಯುತ್ತೆ, ಹಾಗಾಗಿ ಎದುರು ಬದಿಯ ರಸ್ತೆಯಲ್ಲಿ ಕಾರು ಇರುವ ಹೊತ್ತು ಕಡಿಮೆಯಾಗುತ್ತೆ. ಹೆದ್ದಾರಿಯಲ್ಲಿ ಓಡಾಡುವವರು ಅಲಾಯ್ ಚಕ್ರ ಬಿಟ್ಟರೂ ಟರ್ಬೊ ಬಿಡಬಾರದು ಅನ್ನೋದು ನನ್ನ ಅಭಿಪ್ರಾಯ.

ಆ ಇಳಿಜಾರಿನಿಂದ ಲಾಭ ಇದೆಯಾ?

ಸ್ವಲ್ಪ ಇದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತೆ. ಮೊಂಡಾಗಿ ಕತ್ತರಿಸಿದ ಬೆನ್ನಿನ ಹಿಂದೆ ಗಾಳಿ ಸುಳಿ ಸುತ್ತಿ ಕಾರನ್ನು ಹಿಂದಕ್ಕೆ ಜಗ್ಗುತ್ತೆ. ಮೆಲ್ಲಗೆ ಇಳಿದ ಬೆನ್ನಿಗೆ ಗಾಳಿ ಅಂಟಿಕೊಂಡೇ ಸಾಗುತ್ತೆ. ಕಾಲಿಬ್ರಾದ ಗಾಳಿ ತಡೆಯ ಗುಣಾಂಕ 0.26ಕ್ಕೆ ಇಳಿದಿತ್ತು, 1989ರಲ್ಲಿ! ಆದರೆ ಇದು ತಿಳಿಯೋದು ಹೆದ್ದಾರಿಯಲ್ಲಿ. ನವನಗರದ ಸೆಕ್ಟರ್‌ನಿಂದ ಸಂತೆಗೆ ನಲವತ್ತರಲ್ಲಿ ಹೋಗುವವರಿಗೆ ಅದು ಬರೀ ಅಂದ.

ಕಳೆದುಕೊಳ್ಳೋದೂ ಇದೆ. ಹಿಂದಿನ ಗಾಜು ಕನ್ನಡಿಯಲ್ಲಿ ಅಂಚೆ ಡಬ್ಬಿಯ ಬಾಯಿಯಷ್ಟೇ ಕಾಣುತ್ತೆ. ಏಪ್ರಿಲ್ ಬಿಸಿಲು ಮಲಗಿದ ಗಾಜಿನ ಮೂಲಕ ಹಿಂದೆ ಕೂತವರ ಕತ್ತಿನ ಮೇಲೇ ಬೀಳುತ್ತೆ. ಹಿಂದೆ ಎಸಿ ಕಿಂಡಿ ಇದೆಯಾ ನೋಡಿಕೊಳ್ಳಿ.

ಐಹೊಳೆಯ ದುರ್ಗ ಗುಡಿ ನೋಡಿದ್ದೀರಲ್ಲ? ಅದರ ಹಿಂಭಾಗ ಆನೆಯ ಬೆನ್ನಿನ ಹಾಗೆ ದುಂಡಗೆ, ಗಜಪೃಷ್ಠ ಅಂತಾರೆ. ಚಾಲುಕ್ಯರ ಶಿಲ್ಪಿಗಳು ಆ ತಿರುವು ಕೊಟ್ಟರೂ ಕಂಬಗಳ ಸಾಲಿನೊಳಗೆ ಸುತ್ತು ಬರುವವರಿಗೆ ದಾರಿ ಬಿಟ್ಟೇ ಕೊಟ್ಟಿದ್ದಾರೆ. ಕಾರಿನಲ್ಲೂ ನಾನು ಹುಡುಕಿದ್ದು ಅದನ್ನೇ.

ಟೇಪ್ ಹಿಡಿದು ಹೋದೆವು

ಈ ಸಲ ಟೆಸ್ಟ್ ಡ್ರೈವ್‌ಗೆ ಮೂವರೂ ಹೋದೆವು. ನಾನು ಸ್ಟೀರಿಂಗ್ ಮುಟ್ಟುವ ಮೊದಲು ಹಿಂದಿನ ಬಾಗಿಲು ತೆಗೆದೆ. ನಾಲ್ಕು ವಿಷಯ ನೋಡಿದೆವು. ಸೀಟು ಮೊಣಕಾಲಿನ ಎತ್ತರಕ್ಕಿದೆಯಾ, ಅಂದರೆ ಕೆಳಕ್ಕೆ ಕುಸಿಯದೆ, ಮೇಲಕ್ಕೆ ಜಿಗಿಯದೆ ಕೂರಬಹುದಾ? ಬಾಗಿಲಿನ ಮೇಲಂಚು ತಲೆಗೆ ತಾಗುತ್ತಾ? ಕೂತ ಮೇಲೆ ತಲೆಗೂ ಚಾವಣಿಗೂ ನಾಲ್ಕು ಬೆರಳು ಉಳಿಯುತ್ತಾ? ತೊಡೆಗೆ ಆಸರೆ ಇದೆಯಾ? ಬಸಾಲ್ಟ್‌ನ ಕೆಲವು ವೇರಿಯಂಟ್‌ನಲ್ಲಿ ಹಿಂದಿನ ಸೀಟಿನ ತೊಡೆಯ ಆಸರೆಯನ್ನು ಹೊಂದಿಸಿಕೊಳ್ಳಬಹುದು. ಇಂಥದ್ದನ್ನು ಹುಡುಗರು ಗಮನಿಸೋದೇ ಇಲ್ಲ, ನಾನೂ ಗಮನಿಸಿರಲಿಲ್ಲ.

ಸೀಟಿನ ಎತ್ತರ ಸರಿಹೋಯಿತು. ತಲೆ ಮಾತ್ರ ಹತ್ತುವಾಗ ಬಾಗಲೇಬೇಕು. ಆಪರೇಷನ್ ಆದ ಕಾಲು ಊರಿ ಸೊಂಟ ಬಾಗಿಸೋದು ಅವ್ವನಿಗೆ ಕಷ್ಟ. ಹೋಗಲಿ, ನೆಟ್ಟಗಿನ ಚಾವಣಿಯ ಬೇರೆ ಕಾರು ನೋಡೋಣ ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ. ನಿಜ ಹೇಳ್ತೀನಿ, ಹೊಟ್ಟೆಯಲ್ಲಿ ಸಂಕಟ ಆಯಿತು.

ಅಷ್ಟರಲ್ಲಿ ಅವ್ವ ಮುಂದಿನ ಬಾಗಿಲು ತೆಗೆದು, ಮೊದಲು ಸೀಟಿಗೆ ಕೂತು, ಆಮೇಲೆ ಎರಡೂ ಕಾಲು ಒಳಗೆ ತಗೊಂಡಳು. ಫಿಸಿಯೋಥೆರಪಿಯವರು ಹೇಳಿಕೊಟ್ಟ ರೀತಿ. ತಲೆ ತಾಗಲಿಲ್ಲ. ಕಾಲು ಚಾಚೋಕೂ ಜಾಗ.

"ನಾ ಇಲ್ಲೇ ಕುಂದರ್ತೀನಿ. ನಿಮ್ಮಪ್ಪ ಹಿಂದ ಕುಂದರಲಿ."

ಅಪ್ಪ ನನ್ನ ಮುಖ ನೋಡಿದರು. ಮೂವತ್ತು ವರ್ಷದಲ್ಲಿ ಯಾರ ಕಾರಾದರೂ ಸರಿ, ಮುಂದಿನ ಸೀಟು ಅಪ್ಪನದು, ಹಿಂದೆ ಅವ್ವ, ತೊಡೆಯ ಮೇಲೆ ಬುತ್ತಿ ಗಂಟು. ಯಾರೂ ಹಾಗಂತ ನಿಯಮ ಮಾಡಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಅಪ್ಪ ಒಂದು ಮಾತೂ ಆಡದೆ ಹಿಂದೆ ಹತ್ತಿದರು. ಅವರ ಎತ್ತರ ಐದಡಿ ಮೂರಿಂಚು. ತಲೆಯ ಮೇಲೆ ಐದು ಬೆರಳು ಉಳಿಯಿತು.

ಕಾರು ಬಂದು ಎರಡು ತಿಂಗಳಾಯಿತು. ಯಾವುದು ಅಂತ ಹೇಳೋದಿಲ್ಲ, ಜಾಹೀರಾತು ಆಗುತ್ತೆ. ಟರ್ಬೊ ಇಂಜಿನ್, ನಡುವಿನ ವೇರಿಯಂಟ್, ಬೆನ್ನು ಮಾತ್ರ ನಾನು ಬಯಸಿದ ಹಾಗೇ ಇಳಿಜಾರು. ಮೊದಲ ದೂರದ ಪ್ರಯಾಣ ಹುಬ್ಬಳ್ಳಿ ಆಸ್ಪತ್ರೆಗೆ. ನರಗುಂದ ದಾಟಿದ ಮೇಲೆ ಅವ್ವ ಎಡಕ್ಕೆ ತಿರುಗಿ ಹೊಲ ನೋಡ್ತಾ, "ಇಷ್ಟು ವರ್ಷ ಈ ದಾರ್‍ಯಾಗ ಬರೇ ನಿಮ್ಮಪ್ಪನ ತಲಿ ಹಿಂಭಾಗ ನೋಡಿಕೋತ ಬಂದೀನಿ ನೋಡು" ಅಂದಳು. ಹಿಂದಿನಿಂದ ಅಪ್ಪ, "ಹಿಂದೂ ಏನ್ ಅಡ್ಡಿ ಇಲ್ಲ ಬಿಡು, ಆರಾಮ ಐತಿ" ಅಂದರು.

ಎರಡನೇ ಮೊಣಕಾಲಿನ ಆಪರೇಷನ್ ದಿನ ಗೊತ್ತಾಗಿದೆ. ಬರುವ ತಿಂಗಳು ರಜೆ ಹಾಕಿ ನಾನೇ ಕರೆದುಕೊಂಡು ಹೋಗ್ತೀನಿ. ನಿಮ್ಮ ಮನೆಯಲ್ಲೂ ಹೊಸ ಕಾರಿನ ಮಾತು ನಡೆದಿದ್ದರೆ, ಮೊದಲು ಮನೆಯ ಹಿರಿಯರನ್ನು ಪ್ರತಿ ಬಾಗಿಲಿನಿಂದಲೂ ಹತ್ತಿಸಿ, ಇಳಿಸಿ ನೋಡಿ. ಮೈಲೇಜ್, ಬಣ್ಣ ಎಲ್ಲಾ ಆಮೇಲೆ.