ಬೇವಿನ ಗಿಡ ಬಿತ್ತು, ಹದ್ದು ಕಳೀತು

ತಾಳಿಕೋಟೆ ಸಮೀಪ ಡೋಣಿ ದಂಡೆಗೆ ನಮ್ಮ ಮನೆತನದ್ದು ಎಂಟು ಎಕರೆ ಎರಿ ಹೊಲ. ಅಪ್ಪ ಮತ್ತು ಕಾಕಾ ಬಾಯಿಮಾತಿನಲ್ಲೇ ವಾಟ್ನಿ ಮಾಡಿಕೊಂಡಿದ್ದರು. "ಬೇವಿನ ಗಿಡದಿಂದ ಮೂಡಲಕ್ಕೆ ನಿಂದು, ಪಡುವಲಕ್ಕೆ ನಂದು." ಅಷ್ಟೇ. ಉತಾರದಲ್ಲಿ ಮಾತ್ರ ಇಬ್ಬರದೂ ಹೆಸರು ಜಂಟಿ.

ಮುಂದೆ ಗಿಡ ಬಿತ್ತು. ಡೋಣಿ ಉಕ್ಕಿ ನಡುವಿನ ಒಡ್ಡೂ ಕೊಚ್ಚಿ ಹೋಯಿತು. ಕಾಕಾನ ಮಗ ಹೊಸ ಒಡ್ಡು ಹಾಕಿದ. ನನ್ನ ಲೆಕ್ಕಕ್ಕೆ ಆರು ಗುಂಟೆ ಒಳಗೆ ಬಂದಿದ್ದ. ಎರಡು ಹಿಂಗಾರಿ ಆ ಪಟ್ಟಿ ಬೀಳುಬಿತ್ತು. ನಮ್ಮಿಬ್ಬರ ಮಾತೂ ನಿಂತಿತು.

ಗಿಡ, ಹಳ್ಳ ನಂಬಿ ಕೆಟ್ಟವರು ನಾವಷ್ಟೇ ಅಲ್ಲ. ಇನ್ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಮೂಲನಿವಾಸಿಗಳನ್ನು ಹೊರದಬ್ಬಿ ಕೆಂಟುಕಿ ಸೀಮೆಗೆ ಹೋದ ಬಿಳಿಯರು ಹೀಗೇ ಗಿಡ, ತೊರೆ ಗುರುತು ಹೇಳಿ ಹೊಲ ಬರೆಸಿದರು. ಒಬ್ಬನ ಹದ್ದಿನ ಮೇಲೆ ಇನ್ನೊಬ್ಬನದು ಬಂತು. ಅಬ್ರಹಾಂ ಲಿಂಕನ್ನರ ತಂದೆ ಥಾಮಸ್ ಇಂಥ ತಕರಾರಿಗೆ ಬೇಸತ್ತು 1816ರಲ್ಲಿ ಇಂಡಿಯಾನಾಕ್ಕೆ ಗುಳೆ ಹೋದರು. ಅಲ್ಲಿ 1785ರ ಕಾನೂನಿನಂತೆ ಮೊದಲು ಅಳತೆ, ಆಮೇಲೆ ಮಾರಾಟ. ಆರು ಮೈಲಿ ಚೌಕದಲ್ಲಿ 640 ಎಕರೆಯ 36 ತುಂಡು.

ನಮ್ಮಲ್ಲೂ ಮುಂಬೈ ಸರಕಾರದ ಕಾಲಕ್ಕೆ ಮೋಜಣಿ ಆಗಿದೆ. ಅವರ ಸರಪಳಿ 66 ಅಡಿ, ನಮ್ಮದು ಅದರರ್ಧ, 33 ಅಡಿ. ಸರಪಳಿ ಉದ್ದ, ಸರಪಳಿ ಅಗಲ ಅಂದರೆ ಒಂದು ಗುಂಟೆ. ಅಂಥ 40 ಗುಂಟೆಗೆ ಎಕರೆ.

ಇದನ್ನು ನಂಬಿ ಹದ್ದುಬಸ್ತಿಗೆ ಅರ್ಜಿ ಕೊಟ್ಟೆ. ಭೂಮಾಪಕರು ಟಿಪ್ಪಣಿ ಹಿಡಿದು ಅಳೆದರು. ಸರ್ವೆ ನಂಬರಿನ ಹೊರಗಿನ ಬಾಂದುಗಲ್ಲು ರೇವೆಯ ಕೆಳಗೆ ಸಿಕ್ಕವು. ಆದರೆ ಅವರಂದರು, "ಹೊರಗಿನ ಹದ್ದು ಸರಿ ಐತಿ. ನಿಮ್ಮಿಬ್ಬರ ನಡುವಿನ ಗೆರಿ ನನ್ನ ಕಾಗದದಾಗ ಇಲ್ಲರಿ. ಇಲ್ಲದ್ದನ್ನ ಎಲ್ಲಿಂದ ತೋರಸಲಿ?"

ಆಗ ತಿಳೀತು. ಉತಾರದ ಒಂಬತ್ತನೇ ಕಾಲಂನಲ್ಲಿ ಹೆಸರಿದ್ದರೆ ಸಾಲದು. 1964ರ ಭೂಕಂದಾಯ ಕಾಯ್ದೆಯಂತೆ ಆ ನಮೂದು, ಸುಳ್ಳೆಂದು ಸಾಬೀತಾಗುವವರೆಗೆ ಮಾತ್ರ ಖರೆ. ಅದು ಹಕ್ಕು ಹುಟ್ಟಿಸೋದಿಲ್ಲ. ಹಕ್ಕಿನ ತಕರಾರು ಕೊನೆಗೆ ಸಿವಿಲ್ ಕೋರ್ಟಿಗೇ ಹೋಗಬೇಕು.

ಕೋರ್ಟಿನ ಖರ್ಚು ಆರು ಗುಂಟೆಯ ಬೆಲೆ ನುಂಗುತ್ತಿತ್ತು. ಹಿರಿಯರ ಮುಂದೆ ಕೂತೆವು. "ಅಣ್ಣಾ, ಮೂರು ಗುಂಟೆ ಬಿಡ್ತೀನಿ" ಅಂದ ತಮ್ಮ. ನಾನೂ ಮೂರು ಬಿಟ್ಟೆ. 11ಇ ನಕ್ಷೆ ಮಾಡಿಸಿ ವಾಟ್ನಿ ಪತ್ರ ನೋಂದಣಿ ಮಾಡಿದೆವು. ಈಗ ಹಿಸ್ಸಾ ಬೇರೆ, ಉತಾರ ಬೇರೆ.

ನೀವೂ ಇಷ್ಟು ಮಾಡಿರಿ:

1. ವಾಟ್ನಿ ಆದ ಕೂಡಲೇ ಅಳತೆ ಮಾಡಿಸಿ, ಬರೆದು ನೋಂದಾಯಿಸಿರಿ.

2. ಹಳೇ ಉತಾರ, ಡೈರಿ, ಟಿಪ್ಪಣಿಯ ನಕಲು ತೆಗೆಸಿ ಇಟ್ಟುಕೊಳ್ಳಿರಿ.

3. ಮಳೆಗಾಲ ಮುಗಿದ ಮೇಲೆ ಬಾಂದುಗಲ್ಲು ನೋಡಿ ಬರ್ರಿ. ಕಲ್ಲು ಕಿತ್ತಿದ್ದರೆ ನೀವೇ ನೆಡಬೇಡಿರಿ, ಅಳೆಸಿರಿ.

4. ಹಿರಿಯರು ಇರುವಾಗಲೇ ಇದೆಲ್ಲ ಮುಗಿಸಿರಿ. ಗಿಡದ ಜಾಗ ಬಲ್ಲವರು ಅವರೇ.