ಗಂಡಸರ ಮೈಬಿಸಿಗೆ ಸೂಜಿ ಮದ್ದಾದೀತೇ?

ಎದೆಯಿಂದ ಶುರುವಾದ ಬಿಸಿ ಕುತ್ತಿಗೆಗೆ, ಮುಖಕ್ಕೆ ಏರುತ್ತದೆ. ಬೆವರು ಕಿತ್ತುಕೊಂಡು ಬರುತ್ತದೆ. ಕೆಲವೇ ನಿಮಿಷಗಳಲ್ಲಿ ಎಲ್ಲ ಇಳಿದು, ಒದ್ದೆಯಾದ ಬನಿಯನ್ನಿನಲ್ಲಿ ಚಳಿ ಹತ್ತುತ್ತದೆ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಇದು ಗೊತ್ತಿರುವ ಸಂಕಟ. ಪ್ರಾಸ್ಟೇಟ್ ಕ್ಯಾನ್ಸರಿಗೆ ಹಾರ್ಮೋನ್ ಚಿಕಿತ್ಸೆ ಪಡೆಯುವ ಗಂಡಸರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಇದನ್ನು ಅನುಭವಿಸುತ್ತಾರೆ. ಆದರೆ ಅನೇಕರು ಬಾಯಿ ಬಿಡುವುದಿಲ್ಲ. ಕ್ಯಾನ್ಸರೇ ಇರುವಾಗ ಬೆವರಿನ ಮಾತೇಕೆ ಎಂಬ ಸಂಕೋಚ ಒಂದು, ಹೆಂಗಸರ ಕಾಯಿಲೆ ತನಗೆ ಬಂತೆಂಬ ನಾಚಿಕೆ ಇನ್ನೊಂದು. ವರ್ಷಗಟ್ಟಲೆ ರಾತ್ರಿಯ ನಿದ್ದೆ ಕೆಡಿಸುವ ತೊಂದರೆ ಸಣ್ಣದೇನಲ್ಲ.

ಚಿಕಿತ್ಸೆಯ ಉದ್ದೇಶದಲ್ಲೇ ಇದರ ಬೇರಿದೆ. ಪ್ರಾಸ್ಟೇಟ್ ಕ್ಯಾನ್ಸರಿನ ಕೋಶಗಳು ಬೆಳೆಯುವುದು ಟೆಸ್ಟೋಸ್ಟೆರೋನ್ ಬಲದಿಂದ ಎಂದು ಷಿಕಾಗೋದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿಕೊಟ್ಟರು. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಬಂತು. ಆಗ ವೃಷಣಗಳನ್ನು ತೆಗೆಯುವ ಶಸ್ತ್ರಕ್ರಿಯೆ ಮುಖ್ಯ ದಾರಿಯಾಗಿತ್ತು. ಈಗಲೂ ಅದು ಇದೆ. ಇಂದು ಹೆಚ್ಚಾಗಿ ಬಳಸುವುದು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಕೊಡುವ ಲ್ಯೂಪ್ರೊಲೈಡ್‌ನಂಥ ಇಂಜೆಕ್ಷನ್. ವೃಷಣಗಳಿಗೆ ಆಜ್ಞೆ ಕಳಿಸುವ ಪಿಟ್ಯುಟರಿ ಗ್ರಂಥಿಯನ್ನು ಅದು ಮೊದಲು ಕೆರಳಿಸುತ್ತದೆ, ಬಿಡದೆ ಕೆರಳಿಸಿ ಕೊನೆಗೆ ಸುಮ್ಮನಾಗಿಸುತ್ತದೆ. ಟೆಸ್ಟೋಸ್ಟೆರೋನ್ ಪಾತಾಳಕ್ಕೆ ಇಳಿಯುತ್ತದೆ. ಗಂಡಸಿನ ಮೈಯಲ್ಲಿ ಈಸ್ಟ್ರೋಜನ್ ತಯಾರಾಗುವುದೂ ಅದೇ ಟೆಸ್ಟೋಸ್ಟೆರೋನಿನಿಂದ, ಹಾಗಾಗಿ ಅದೂ ಕುಸಿಯುತ್ತದೆ. ಮೈಯ ತಾಪವನ್ನು ಕಾಯುವ ಹೈಪೋಥಲಾಮಸ್ ಈ ಕೊರತೆಯಿಂದ ಅತಿಸೂಕ್ಷ್ಮವಾಗಿ, ತಾಪ ಕೂದಲೆಳೆಯಷ್ಟು ಏರಿದರೂ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರಿಳಿಸಿಬಿಡುತ್ತದೆ.

ಗಂಡಸರ ಈ ಸಂಕಟಕ್ಕೆ ಅಕ್ಯುಪಂಕ್ಚರ್, ಅಂದರೆ ಮೈಯ ಗೊತ್ತಾದ ಬಿಂದುಗಳಲ್ಲಿ ಸೂಜಿ ಚುಚ್ಚುವ ಚಿಕಿತ್ಸೆ, ಬಂದದ್ದು ಸ್ವೀಡನ್ನಿನಿಂದ. 1999ರಲ್ಲಿ ಅಲ್ಲಿನ ವೈದ್ಯರು ಏಳು ಗಂಡಸರಿಗೆ ಕೆಲವು ವಾರ ಸೂಜಿ ಚುಚ್ಚಿ ನೋಡಿದರು. ಹತ್ತು ವಾರ ಪೂರೈಸಿದ ಆರು ಜನರಲ್ಲಿ ಬಿಸಿಯೇರುವಿಕೆ ಸುಮಾರು 70% ಇಳಿದಿತ್ತು. ಹತ್ತು ವರ್ಷದ ಬಳಿಕ ಅದೇ ದೇಶದಲ್ಲಿ 31 ಜನರ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಕೆಲವರಿಗೆ ಬರೀ ಸೂಜಿ, ಕೆಲವರಿಗೆ ಸೂಜಿಯ ಮೂಲಕ ಸಣ್ಣ ವಿದ್ಯುತ್ತು. ಎರಡೂ ಗುಂಪಿನಲ್ಲಿ ಬಿಸಿಯೇರುವುದು ಹೆಚ್ಚುಕಡಿಮೆ ಅರ್ಧಕ್ಕೆ ಬಂತು. ಅಮೆರಿಕದ ಆರೆಗನ್‌ನಲ್ಲಿ 2010ರಲ್ಲಿ ವರದಿಯಾದ ಅಧ್ಯಯನದಲ್ಲೂ, ಲೆಕ್ಕಕ್ಕೆ ಸಿಕ್ಕ 22 ಜನರಲ್ಲಿ 12 ಜನರಿಗೆ ಯಾವುದೋ ಒಂದು ಹಂತದಲ್ಲಿ ಅರ್ಧಕ್ಕಿಂತ ಹೆಚ್ಚು ಉಪಶಮನ ಸಿಕ್ಕಿತ್ತು.

ಈ ಅಂಕಿಗಳು ಆಸೆ ಹುಟ್ಟಿಸುತ್ತವೆ. ಆದರೆ ಈ ಮೂರರಲ್ಲೂ ಒಂದು ಕೊರತೆ ಇದೆ: ಸೂಜಿ ಚುಚ್ಚಿಸಿಕೊಳ್ಳದ, ಆದರೆ ಚುಚ್ಚಿಸಿಕೊಂಡೆವೆಂದು ನಂಬಿದ ಗುಂಪು ಅಲ್ಲಿರಲಿಲ್ಲ. ಜನ ಪ್ರಯೋಗಕ್ಕೆ ಸೇರುವುದೇ ತೊಂದರೆ ವಿಪರೀತವಾದಾಗ. ಆಮೇಲೆ ಅದು ತಾನಾಗಿಯೂ ಒಂದಿಷ್ಟು ಇಳಿಯುತ್ತದೆ. ಅರ್ಧ ಗಂಟೆ ಮಲಗಿಸಿ, ಕಷ್ಟ ಕೇಳಿ, ಕೈ ಹಿಡಿದು ಉಪಚರಿಸುವವರಿದ್ದರೆ ಇನ್ನಷ್ಟು ಇಳಿಯುತ್ತದೆ. ಇದನ್ನೆಲ್ಲ ಕಳೆದು ನೋಡಲು ಸಂಶೋಧಕರು ಹುಸಿ ಸೂಜಿ ಬಳಸುತ್ತಾರೆ. ನಾಟಕದ ಬಾಕುವಿನಂತೆ ಅದರ ಮೊಂಡು ಮೊನೆ ಚರ್ಮಕ್ಕೆ ತಾಗಿದೊಡನೆ ಹಿಡಿಯೊಳಗೆ ಸರಿದುಕೊಳ್ಳುತ್ತದೆ.

ಹೆಂಗಸರಲ್ಲಿ ಈ ಪರೀಕ್ಷೆ ದೊಡ್ಡ ಮಟ್ಟದಲ್ಲೇ ನಡೆದಿದೆ. ಆಸ್ಟ್ರೇಲಿಯಾದಲ್ಲಿ 327 ಮಹಿಳೆಯರ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಿಜ ಸೂಜಿಯಿಂದಲೂ ಹುಸಿ ಸೂಜಿಯಿಂದಲೂ ತೊಂದರೆ ಸುಮಾರು 40% ತಗ್ಗಿತು. ಸ್ತನ ಕ್ಯಾನ್ಸರಿನಿಂದ ಪಾರಾದ 120 ಮಹಿಳೆಯರ ಮೇಲೆ ಪೆನ್ಸಿಲ್ವೇನಿಯಾದಲ್ಲಿ ನಡೆದ ಇನ್ನೊಂದು ಅಧ್ಯಯನ 2015ರದು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅದೇ. ವಿದ್ಯುತ್ ಸೂಜಿಯಿಂದ 48%, ಹುಸಿ ಸೂಜಿಯಿಂದ 45%, ಗಾಬಾಪೆಂಟಿನ್ ಮಾತ್ರೆಯಿಂದ 39%, ಹುಸಿ ಮಾತ್ರೆಯಿಂದ 22% ಇಳಿಕೆ. ಹುಸಿ ಮಾತ್ರೆಗಿಂತ ಹುಸಿ ಸೂಜಿಯೇ ಎರಡು ಪಟ್ಟು ಕೆಲಸ ಮಾಡಿತ್ತು!

ಆದ್ದರಿಂದ ಉಪಶಮನ ಸುಳ್ಳಲ್ಲ, ಆದರೆ ಸೂಜಿ ಚುಚ್ಚಿದ ಬಿಂದುವಿಗೆ ಅದರ ಶ್ರೇಯಸ್ಸು ಸಲ್ಲುತ್ತದೆಂದು ಹೇಳಲಾಗದು ಎಂಬುದು ನನ್ನ ತೀರ್ಮಾನ. ಗಂಡಸರಲ್ಲೂ ನೂರಾರು ಜನರನ್ನು ಸೇರಿಸಿಕೊಂಡು ಹುಸಿ ಸೂಜಿಯೊಡನೆ ಹೋಲಿಸಿ ನೋಡುವ ಪ್ರಯೋಗ ಆಗಲೇಬೇಕು. ಮದ್ದೇ ಇಲ್ಲವೆಂದು ಯಾರೂ ನಿರಾಶರಾಗಬೇಕಿಲ್ಲ. ಫ್ರಾನ್ಸಿನಲ್ಲಿ ಮುನ್ನೂರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ವೆನ್‌ಲಾಫ್ಯಾಕ್ಸಿನ್ ಎಂಬ ಮಾತ್ರೆ ತೊಂದರೆಯನ್ನು ಸುಮಾರು ಅರ್ಧಕ್ಕೆ ಇಳಿಸಿತು. ಮೆಡ್ರಾಕ್ಸಿಪ್ರೊಜೆಸ್ಟೆರೋನ್ 80%ಕ್ಕೂ ಮೀರಿ ಇಳಿಸಿತು. ಅವುಗಳಿಗೆ ಅವುಗಳದೇ ಅಡ್ಡಪರಿಣಾಮಗಳುಂಟು. ಮಾತ್ರೆಗಳ ಮೇಲೆ ಮಾತ್ರೆ ನುಂಗಿ ಸುಸ್ತಾದವರು ಸೂಜಿಯ ಕಡೆ ನೋಡುವುದು ಅದಕ್ಕೇ.

ಹಾಗೆ ನೋಡುವವರು ಮೊದಲು ತಮ್ಮ ಕ್ಯಾನ್ಸರ್ ವೈದ್ಯರಿಗೆ ತಿಳಿಸಲಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಕೀಮೋಥೆರಪಿಯಿಂದ ಪ್ಲೇಟ್‌ಲೆಟ್ ಇಳಿದಿದ್ದರೆ ಚುಚ್ಚಿದಲ್ಲಿ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಒಮ್ಮೆ ಬಳಸಿ ಎಸೆಯುವ ಸೂಜಿಯನ್ನೇ ಕೇಳಿ ಪಡೆಯಬೇಕು. ಹಾರ್ಮೋನ್ ಇಂಜೆಕ್ಷನ್ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರಬೇಕು. ಬಿಸಿಯೇರುವುದಷ್ಟೇ ಅಲ್ಲ, ಹಾರ್ಮೋನ್ ಚಿಕಿತ್ಸೆ ಸದ್ದಿಲ್ಲದೆ ಮೂಳೆಯನ್ನೂ ಸವೆಸುತ್ತದೆ, ಸ್ನಾಯುವನ್ನೂ ಕರಗಿಸುತ್ತದೆ. ಅದಕ್ಕೆ ಬೇಕಾದದ್ದು ಮೂಳೆ ಸಾಂದ್ರತೆಯ ಸ್ಕ್ಯಾನ್, ವೈದ್ಯರು ಹೇಳಿದಷ್ಟು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ, ಜೊತೆಗೆ ನಡಿಗೆ ಹಾಗೂ ತೂಕ ಎತ್ತುವ ವ್ಯಾಯಾಮ.